ಮಾರಿದತ್ತನ ಖಡ್ಗ ಮತ್ತು ಕಾರವಾರದ ನ್ಯಾಯಪೀಠ

ಕೆಲವು ವರ್ಷಗಳ ಹಿಂದೆ ಅಂಕೋಲೆಯಲ್ಲಿ ಜನ್ನನ ‘ಯಶೋಧರ ಚರಿತೆ’ಯನ್ನು ಕುರಿತು ಮಾತನಾಡುವ ಅವಕಾಶ ನನಗೆ ಒದಗಿತ್ತು. ಮಾರಿದೇವತೆಗೆ ಬಲಿಕೊಡಲೆಂದು ಹಿಡಿದು ತಂದ ಅಭಯರುಚಿ, ಅಭಯಮತಿಯರೆಂಬ ಎಳೆಯರ ಮುಂದೆ ಮಾರಿದತ್ತನ ಖಡ್ಗ ತಡೆದು ನಿಂತ ಪ್ರಸಂಗವನ್ನು ವಿವರಿಸಿ ಉಪನ್ಯಾಸವನ್ನು ಮುಗಿಸಿದ್ದೆ. ಆಗ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ನಿಂತು ಕೇಳಿದರು: “ಆ ಮಕ್ಕಳು ನಿರಪರಾಧಿಗಳು, ಸ್ವಾಮಿ. ಅವರನ್ನು ಕೊಲ್ಲಬಾರದೆಂದು ಹೇಳಲು ಕಾವ್ಯವೇ ಬೇಕೆಂದಿಲ್ಲ. ಆ ಹುಡುಗ ನಿಜವಾಗಿಯೂ ಒಂದು ಕೊಲೆ ಮಾಡಿ ಬಂದವನಾಗಿದ್ದರೆ ನಿಮ್ಮ ಜನ್ನ ಏನು ಹೇಳುತ್ತಿದ್ದ?” ಆ ಹೊತ್ತಿಗೆ ತೋಚಿದ ಏನೋ ಒಂದು ಉತ್ತರವನ್ನು ಹೇಳಿ ಕುಳಿತೆ. ಆ ಉತ್ತರ ಅವರಿಗೂ ಒಪ್ಪಿಗೆಯಾಗಲಿಲ್ಲ, ನನಗೂ ಆಗಲಿಲ್ಲ. ಅಪರಾಧವೆಸಗಿದ ಎಳೆಯರಿಗೆ ಮರಣದಂಡನೆ ಸಲ್ಲುವುದೇ ಎಂಬ ಆ ಪ್ರಶ್ನೆಗೆ ಸಾವಧಾನವಾಗಿ ಉತ್ತರ ಹುಡುಕುವ ಪ್ರಯತ್ನವೇ ಈ ಲೇಖನ.

ಪ್ರಶ್ನೆ ಹುಟ್ಟಿದ ನೆಲದಿಂದಲೇ ಆರಂಭಿಸುವುದು ಉಚಿತ. ಅಖಂಡವಾಗಿದ್ದ ಕೆನರಾ ಜಿಲ್ಲೆ ಇಬ್ಭಾಗವಾಗಿ, ಅದರ ಉತ್ತರ ಭಾಗವು 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಕಾಳೀ ನದಿಯ ಮುಖದಲ್ಲಿರುವ ಕಾರವಾರ ಜಿಲ್ಲಾ ಕೇಂದ್ರವಾಯಿತು. ಅದೇ 1862ರ ಜನವರಿ 1ರಂದು ಭಾರತ ದಂಡಸಂಹಿತೆ ಜಾರಿಗೆ ಬಂದಿತು. ಮುಂಬಯಿಯ ಹೈಕೋರ್ಟು ಸ್ಥಾಪನೆಯಾದದ್ದೂ ಅದೇ ವರ್ಷ. ಹೀಗೆ ಹೊಸ ಜಿಲ್ಲೆ, ಹೊಸ ದಂಡಸಂಹಿತೆ, ಹೊಸ ಮೇಲಿನ ನ್ಯಾಯಾಲಯ ಮೂರೂ ಒಂದೇ ವರ್ಷದಲ್ಲಿ ಈ ಕರಾವಳಿಗೆ ಬಂದಿಳಿದವು. ಮುಂದಿನ ಕಾಲದಲ್ಲಿ ಅಂಕೋಲೆಯ ಹಳ್ಳಿಯೊಂದರಲ್ಲಿ ಕೊಲೆ ನಡೆದರೆ ಆರೋಪಿ ನಿಲ್ಲಬೇಕಾದದ್ದು ಕಾರವಾರದ ಸೆಶನ್ಸ್ ನ್ಯಾಯಾಲಯದ ಮುಂದೆ. ಅಲ್ಲಿ ಮರಣದಂಡನೆಯ ತೀರ್ಪು ಹೊರಬಿದ್ದರೆ ಅದಕ್ಕೆ ಮುಂಬಯಿಯ ಹೈಕೋರ್ಟಿನ ದೃಢೀಕರಣ ದೊರೆಯಬೇಕಾಗಿತ್ತು.

ಕಾರವಾರದ ಆ ನ್ಯಾಯಪೀಠದಲ್ಲಿ ಒಂದು ಕಾಲಕ್ಕೆ ಕುಳಿತಿದ್ದವರು ಸತ್ಯೇಂದ್ರನಾಥ ಠಾಕೂರರು, ಐ.ಸಿ.ಎಸ್. ಸೇವೆಗೆ ಸೇರಿದ ಮೊತ್ತಮೊದಲ ಭಾರತೀಯರು. ಅವರ ಕಿರಿಯ ಸೋದರ ರವೀಂದ್ರನಾಥರು 1883ರಲ್ಲಿ ಅಣ್ಣನ ಮನೆಗೆ ಬಂದು ತಂಗಿದ್ದರು. ಆಗ ಅವರಿಗೆ ಇಪ್ಪತ್ತೆರಡರ ಪ್ರಾಯ. ಕಾರವಾರದ ಕಡಲತೀರವನ್ನೂ ಬೆಳದಿಂಗಳಿನಲ್ಲಿ ಕಾಳೀ ನದಿಯ ಮೇಲೆ ಮಾಡಿದ ದೋಣಿಯ ಪಯಣವನ್ನೂ ಅವರು ತಮ್ಮ ನೆನಪಿನ ಬರಹದಲ್ಲಿ ಪ್ರೀತಿಯಿಂದ ದಾಖಲಿಸಿದ್ದಾರೆ. ‘ಪ್ರಕೃತಿರ ಪ್ರತಿಶೋಧ’ ಎಂಬ ನಾಟಕವನ್ನು ಅವರು ಬರೆದದ್ದು ಇಲ್ಲಿಯೇ. ಸಕಲ ಬಂಧನಗಳನ್ನೂ ಕಡಿದುಕೊಂಡೆನೆಂದು ಬೀಗುವ ಸಂನ್ಯಾಸಿಯೊಬ್ಬನನ್ನು ಜನರಿಂದ ತಿರಸ್ಕೃತಳಾದ ಅನಾಥ ಬಾಲೆಯೊಬ್ಬಳು ಆಶ್ರಯಿಸುತ್ತಾಳೆ. ಮಮತೆ ಎಲ್ಲಿ ತನ್ನನ್ನು ಮತ್ತೆ ಕಟ್ಟಿಹಾಕುವುದೋ ಎಂದು ಹೆದರಿ ಅವನು ಅವಳನ್ನು ತೊರೆದು ಹೋಗುತ್ತಾನೆ. ಕಡೆಗೆ ಮನಸ್ಸು ಕರಗಿ ಹಿಂದಿರುಗಿದಾಗ ಬಾಲೆ ಬದುಕಿಲ್ಲ. ಪಶ್ಚಾತ್ತಾಪ ಬಂದಿತು; ಆದರೆ ಅದನ್ನು ಸ್ವೀಕರಿಸಬೇಕಾದವಳು ಇಲ್ಲವಾದಳು. ನಾಟಕದ ವಸ್ತು ನ್ಯಾಯಾಲಯದ್ದಲ್ಲ. ಆದರೂ ಪ್ರಾಣದಂಡನೆ ವಿಧಿಸುವ ಅಧಿಕಾರವುಳ್ಳವರೊಬ್ಬರ ಮನೆಯಲ್ಲಿ, ತಡವಾಗಿ ಬಂದ ಕರುಣೆಯನ್ನು ಕುರಿತ ಕೃತಿಯೊಂದು ಹುಟ್ಟಿತೆಂಬುದು ನನ್ನನ್ನು ಬಹುಕಾಲ ಕಾಡಿದ ಸಂಗತಿ. ಇದಕ್ಕೆ ಮತ್ತೆ ಬರುತ್ತೇನೆ.

ಸತ್ಯೇಂದ್ರನಾಥರ ಮೇಜಿನ ಮೇಲಿದ್ದ ದಂಡಸಂಹಿತೆ ಬಾಲಕರ ವಿಷಯದಲ್ಲಿ ಏನು ಹೇಳುತ್ತಿತ್ತು? ಏಳು ವರ್ಷ ತುಂಬದ ಮಗು ಮಾಡಿದ ಯಾವ ಕೃತ್ಯವೂ ಅಪರಾಧವಲ್ಲ ಎಂದು 82ನೆಯ ಕಲಮು. ಏಳರಿಂದ ಹನ್ನೆರಡರ ನಡುವಿನ ಮಗುವಿಗೆ ತನ್ನ ಕೃತ್ಯದ ಸ್ವರೂಪವನ್ನೂ ಪರಿಣಾಮವನ್ನೂ ಅರಿಯುವಷ್ಟು ಬುದ್ಧಿ ಬಲಿತಿರದಿದ್ದರೆ ಅದೂ ಅಪರಾಧವಲ್ಲ ಎಂದು 83ನೆಯ ಕಲಮು. ಹನ್ನೆರಡು ದಾಟಿದ ಮೇಲೆ ಸಂಹಿತೆ ವಯಸ್ಸಿನ ಮಾತನ್ನೇ ಎತ್ತುವುದಿಲ್ಲ. ಅಂದರೆ ಕೊಲೆಯ ಆರೋಪದ ಮೇಲೆ ನಿಂತ ಹದಿಮೂರರ ಬಾಲಕನೂ ನಲವತ್ತರ ಗಂಡಸೂ ಶಾಸನದ ಅಕ್ಷರದಲ್ಲಿ ಸಮಾನರು. ಬಾಲಕನನ್ನು ನೇಣಿನಿಂದ ಉಳಿಸಬೇಕಾದರೆ ಅದು ನ್ಯಾಯಾಧೀಶರ ವಿವೇಚನೆಯಿಂದ ಅಥವಾ ಸರ್ಕಾರದ ಕ್ಷಮಾದಾನದಿಂದ ಆಗಬೇಕಿತ್ತು; ಅದು ಅವನ ಹಕ್ಕಾಗಿರಲಿಲ್ಲ.

ಅಷ್ಟೇ ಅಲ್ಲ, ಹದಿಮೂರು ಎಂಬ ಲೆಕ್ಕವನ್ನಾದರೂ ಹೇಳುವವರು ಯಾರು? ಜನನವನ್ನು ಕಡ್ಡಾಯವಾಗಿ ನೋಂದಾಯಿಸುವ ಪದ್ಧತಿ ಇನ್ನೂ ಊರಿದ ಕಾಲವಲ್ಲ. ಉಳ್ಳವರ ಮನೆಯಲ್ಲಿ ಜಾತಕವಿರುತ್ತಿತ್ತು. ಗದ್ದೆಯಲ್ಲಿ ದುಡಿಯುವವರ, ಮೀನು ಹಿಡಿಯುವವರ ಮನೆಯ ಮಗುವಿನ ವಯಸ್ಸು ತಾಯಿಯ ನೆನಪಿನಲ್ಲಿ ಮಾತ್ರ ಇರುತ್ತಿತ್ತು. ಮೈಕಟ್ಟು ನೋಡಿ, ಹಲ್ಲು ನೋಡಿ ಅಂದಾಜು ಮಾಡಬೇಕು. ಎಳೆಯತನದಿಂದಲೇ ಹುಟ್ಟು ಹಾಕಿ ತೋಳು ಬಲಿತ ಹುಡುಗ ವಯಸ್ಸಿಗಿಂತ ದೊಡ್ಡವನಾಗಿ ಕಾಣುವುದು ಸಹಜ. ದುಡಿಮೆ ಬಾಲ್ಯವನ್ನು ಕಸಿದುಕೊಂಡಿತೆಂಬ ಕಾರಣಕ್ಕೇ ನ್ಯಾಯಾಲಯವೂ ಅದನ್ನು ಕಾಣದೆ ಹೋಗಬಹುದಾಗಿತ್ತು.

ಇಲ್ಲಿ ನಿಂತು ಜನ್ನನ ಕಡೆಗೆ ತಿರುಗೋಣ. ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದ ಜನ್ನ ‘ಯಶೋಧರ ಚರಿತೆ’ಯನ್ನು ರಚಿಸಿದ್ದು ಕ್ರಿ.ಶ. 1209ರಲ್ಲಿ. ಇದೇ ಕಥೆಯನ್ನು ಅದಕ್ಕೂ ಎರಡೂವರೆ ಶತಮಾನ ಹಿಂದೆ, 959ರಲ್ಲಿ, ಸೋಮದೇವಸೂರಿ ‘ಯಶಸ್ತಿಲಕ’ದಲ್ಲಿ ಸಂಸ್ಕೃತದಲ್ಲಿ ಹೇಳಿದ್ದ. ಕಥೆ ಎಲ್ಲರಿಗೂ ವಿದಿತವಾದದ್ದೇ. ಉಜ್ಜಯಿನಿಯ ಯಶೋಧರ ತಾಯಿಯ ಒತ್ತಾಯಕ್ಕೆ ಮಣಿದು, ಜೀವಬಲಿಯ ಬದಲು ಹಿಟ್ಟಿನ ಕೋಳಿಯೊಂದನ್ನು ಬಲಿಗೊಟ್ಟ. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲಿ, ಮತ್ತೆ ಮತ್ತೆ ಕೊಲೆಗೀಡಾಗಿ, ಕಡೆಗೆ ಅಭಯರುಚಿ, ಅಭಯಮತಿಯರಾಗಿ ಹುಟ್ಟಿದರು. ಎಳವೆಯಲ್ಲೇ ವ್ರತಸ್ಥರಾದ ಅವರನ್ನು ಮಾರಿದತ್ತನ ಆಳುಗಳು ಬಲಿಗಾಗಿ ಹಿಡಿದು ತಂದರು.

ಅಂಕೋಲೆಯ ಹಿರಿಯರಿಗೆ ಅಂದು ನಾನು ಹೇಳಬೇಕಾಗಿದ್ದ ಮೊದಲ ಮಾತು ಇಲ್ಲಿದೆ. ಆ ಮಕ್ಕಳು ನಿರಪರಾಧಿಗಳೆಂದು ನಾವು ತಿಳಿಯುತ್ತೇವೆ. ಜನ್ನ ಹಾಗೆ ತಿಳಿಯುವುದಿಲ್ಲ. ಅವರು ತಾವೇ ಹೇಳಿಕೊಳ್ಳುವ ವೃತ್ತಾಂತದ ಪ್ರಕಾರ ಹಿಂಸೆಗೆ ಸಂಕಲ್ಪ ಮಾಡಿದವರು, ಅದರ ಹೊರೆಯನ್ನು ಜನ್ಮಜನ್ಮಾಂತರ ಹೊತ್ತವರು. ಖಡ್ಗದ ಮುಂದೆ ನಿಂತದ್ದು ಕೇವಲ ಮುಗ್ಧತೆಯಲ್ಲ. ತಪ್ಪನ್ನು ಮಾಡಿ, ಅದನ್ನು ಅರಿತು, ಅದರಿಂದ ಬೇರೊಂದು ಬಗೆಯ ಜೀವವಾಗಿ ಬೆಳೆದ ಚೇತನ. ರಾಜನ ಕೈ ತಡೆದದ್ದು ಅವರು ನಿರ್ದೋಷಿಗಳೆಂಬ ಸಾಕ್ಷ್ಯದಿಂದಲೂ ಅಲ್ಲ. ಅವರ ಎಳೆಯ ರೂಪವನ್ನೂ ನಿರ್ಭೀತಿಯನ್ನೂ ಕಂಡು ಬೆರಗಾಗಿ, ನೀವು ಯಾರು, ಇಲ್ಲಿಗೆ ಹೇಗೆ ಬಂದಿರಿ ಎಂದು ಅವನು ಕೇಳಿದ. ಆ ಒಂದು ಪ್ರಶ್ನೆಯೇ ಕಾವ್ಯದ ತಿರುಗಣಿ. ಉತ್ತರವನ್ನು ಕೊನೆಯವರೆಗೆ ಕೇಳಿದವನ ಕೈಯಲ್ಲಿ ಖಡ್ಗ ನಿಲ್ಲಲಿಲ್ಲ.

ಆದರೆ ಜೈನ ವಿಚಾರವನ್ನು ಬಲ್ಲವರು ಇಲ್ಲಿಯೇ ಒಂದು ತಡೆಯೊಡ್ಡಬಹುದು. ಅದನ್ನು ಮರೆಮಾಚುವುದು ಸಲ್ಲದು. ಹಿಟ್ಟಿನ ಕೋಳಿಯನ್ನು ಕಡಿದರೂ ಪಾಪವೆನ್ನುವ ಮತ ಸಂಕಲ್ಪಕ್ಕೆ ಪ್ರಾಧಾನ್ಯ ಕೊಡುತ್ತದೆ. ಹಾಗಿದ್ದ ಮೇಲೆ ಕೊಲ್ಲಲೇಬೇಕೆಂದು ಸಂಕಲ್ಪಿಸಿ ಕೊಂದ ಹದಿನೇಳರ ಹುಡುಗನಿಗೆ ವಿನಾಯಿತಿ ಏಕೆ? ಎಂಟು ವರ್ಷ ತುಂಬಿದ ಮಗು ದೀಕ್ಷೆಗೆ ಅರ್ಹವೆಂದು ಸಂಪ್ರದಾಯ ಒಪ್ಪುತ್ತದೆ. ಮಹಾವ್ರತವನ್ನು ಹೊರಬಲ್ಲ ಮಗು ಅಪರಾಧದ ಹೊಣೆಯನ್ನು ಹೊರಲಾರದೇ?

ಈ ಆಕ್ಷೇಪಕ್ಕೆ ಉತ್ತರವು ‘ತತ್ತ್ವಾರ್ಥಸೂತ್ರ’ದ ಆರನೆಯ ಅಧ್ಯಾಯದಲ್ಲಿಯೇ ಇದೆ. ಕರ್ಮದ ಆಸ್ರವವು ಎಲ್ಲರಲ್ಲಿಯೂ ಒಂದೇ ತೆರನಾಗಿರದು; ಭಾವದ ತೀವ್ರತೆ ಅಥವಾ ಮಂದತೆ, ಅರಿತು ಮಾಡಿದ್ದೋ ಅರಿಯದೆ ಮಾಡಿದ್ದೋ ಎಂಬ ಭೇದ, ಕರ್ತೃವಿನ ಶಕ್ತಿ, ಕೃತ್ಯದ ಆಧಾರ ಇವುಗಳಿಂದ ಅದು ವ್ಯತ್ಯಾಸಗೊಳ್ಳುತ್ತದೆ ಎಂದು ಉಮಾಸ್ವಾತಿಗಳು ಹೇಳುತ್ತಾರೆ. ಸಂಕಲ್ಪವನ್ನು ಅಳೆಯಬೇಕು, ಆದರೆ ಅದನ್ನು ಸಂಕಲ್ಪಿಸಿದವನ ಸಾಮರ್ಥ್ಯದೊಡನೆ ಅಳೆಯಬೇಕು. ಹುಡುಗನಲ್ಲಿ ಕ್ರೋಧ ತೀವ್ರವಾಗಿದ್ದೀತು. ಕ್ರೋಧವನ್ನು ಹಿಡಿದು ನಿಲ್ಲಿಸುವ ವೀರ್ಯ ಇನ್ನೂ ಬಲಿತಿರುವುದಿಲ್ಲ. ದೀಕ್ಷೆಯ ಮಾತೂ ಹಾಗೆಯೇ. ಬಾಲದೀಕ್ಷೆ ಸಾಧುವೇ ಎಂಬ ಚರ್ಚೆ ಬೇರೆ. ದೀಕ್ಷೆ ಪಡೆದ ಬಾಲಕನನ್ನು ಸಹ ಗುರುವಿನ ನಿತ್ಯದ ಕಾವಲಿನಲ್ಲಿಯೇ ಇಡುತ್ತಾರೆ. ತಪ್ಪಿದಾಗ ಅವನಿಗೆ ವಿಧಿಸುವುದು ಪ್ರಾಯಶ್ಚಿತ್ತವನ್ನು. ಪ್ರಾಯಶ್ಚಿತ್ತವೆಂಬ ಪದದ ಒಳಗೇ ಮಾಡಿದವನು ಮುಂದೆಯೂ ಬದುಕಿರುತ್ತಾನೆಂಬ ನಂಬಿಕೆ ಅಡಗಿದೆ.

ಜೈನ ಪರಂಪರೆ ದಂಡವನ್ನೇ ನಿರಾಕರಿಸಿತೆಂದು ಇದರಿಂದ ಯಾರೂ ಭಾವಿಸಬಾರದು. ಗಂಗರ ಮಂತ್ರಿ ಚಾವುಂಡರಾಯ ಯುದ್ಧಗಳನ್ನು ಗೆದ್ದ ಸೇನಾನಿ. ರಾಷ್ಟ್ರಕೂಟರ ಕಾಲದ ಸೋಮದೇವನೇ ‘ನೀತಿವಾಕ್ಯಾಮೃತ’ವೆಂಬ ರಾಜನೀತಿಗ್ರಂಥವನ್ನು ಬರೆದು, ದೋಷಕ್ಕೆ ತಕ್ಕ ದಂಡವಿರಬೇಕೆಂದು ವಿಧಿಸಿದ. ಆದರೆ ಅವನು ದಂಡವನ್ನು ಹೋಲಿಸಿದ್ದು ವೈದ್ಯಶಾಸ್ತ್ರಕ್ಕೆ: ದೋಷವನ್ನು ಶುದ್ಧಿಗೊಳಿಸುವುದು ಅದರ ಪ್ರಯೋಜನ. ರೋಗಿಯನ್ನೇ ಇಲ್ಲವಾಗಿಸುವುದು ಚಿಕಿತ್ಸೆಯ ಕೊನೆಯ ಮಾತಾಗಲಾರದು, ಅದರಲ್ಲಿಯೂ ಇನ್ನೂ ಬೆಳೆಯುತ್ತಿರುವ ಶರೀರದಲ್ಲಿ. ಗೃಹಸ್ಥನಿಗೂ ಅರಸನಿಗೂ ಆತ್ಮರಕ್ಷಣೆಯ, ಪ್ರಜಾರಕ್ಷಣೆಯ ವಿರೋಧಿಹಿಂಸೆ ಅನಿವಾರ್ಯವೆಂದು ಶ್ರಾವಕಾಚಾರ ಒಪ್ಪುತ್ತದೆ. ಬೀಗ ಹಾಕಿದ ಕೋಣೆಯಲ್ಲಿ ಕುಳಿತಿರುವ ಹುಡುಗನನ್ನು ಗೊತ್ತುಪಡಿಸಿದ ದಿನ, ಗೊತ್ತುಪಡಿಸಿದ ಗಳಿಗೆಯಲ್ಲಿ ಕೊಲ್ಲುವುದು ಆ ವರ್ಗಕ್ಕೆ ಸೇರುವುದೇ? ಅದು ಸಂಕಲ್ಪಹಿಂಸೆಯೇ ಸರಿ. ಈ ಸಲ ಸಂಕಲ್ಪ ರಾಜ್ಯದ್ದು.

ನಿಜವಾದ ಅಪರಾಧಿಯ ಮಾತಿಗೆ ‘ವಡ್ಡಾರಾಧನೆ’ಯ ವಿದ್ಯುಚ್ಚೋರನ ಕಥೆ ಉತ್ತರಕೊಡುತ್ತದೆ. ವಿದ್ಯುಚ್ಚೋರ, ಯಮದಂಡ ಇಬ್ಬರೂ ಬಾಲ್ಯದ ಗೆಳೆಯರು, ಒಟ್ಟಿಗೆ ಓದಿದವರು. ಒಬ್ಬ ಕಳ್ಳರ ಶಾಸ್ತ್ರವನ್ನು ಕಲಿತ, ಇನ್ನೊಬ್ಬ ತಳಾರರ ಶಾಸ್ತ್ರವನ್ನು ಕಲಿತ. ಎಳವೆಯ ಪಂತವೊಂದು ಇಬ್ಬರ ಬದುಕನ್ನೂ ಎದುರುಬದುರು ನಿಲ್ಲಿಸಿತು. ಕಳವು ನಡೆದದ್ದು ಸುಳ್ಳಲ್ಲ, ಕಳ್ಳ ಸಿಕ್ಕಿಬಿದ್ದದ್ದೂ ಸುಳ್ಳಲ್ಲ. ಅದೇ ಕಳ್ಳ ಮುಂದೆ ಮುನಿಯಾಗಿ ಘೋರ ಉಪಸರ್ಗವನ್ನು ಸಹಿಸಿದ. ತಳಾರನ ಕೈಗೆ ಸಿಕ್ಕ ದಿನವೇ ಅವನ ಕೊರಳು ಹೋಗಿದ್ದರೆ ನಮಗೆ ಉಳಿಯುತ್ತಿದ್ದುದು ಒಬ್ಬ ಕಳ್ಳನ ಕಥೆ ಮಾತ್ರ. ಎಲ್ಲ ಕಳ್ಳರೂ ಮುನಿಗಳಾಗುತ್ತಾರೆಂದು ಕಥೆ ಹೇಳುವುದಿಲ್ಲ. ಯಾರು ಏನಾಗುವರೆಂದು ತೀರ್ಪಿನ ದಿನ ನಮಗೆ ತಿಳಿಯದು ಎಂದಷ್ಟೇ ಹೇಳುತ್ತದೆ.

ಮರಳಿ ಕಾರವಾರಕ್ಕೆ. ನ್ಯಾಯಪೀಠದ ಮೇಲಿನ ಶಾಸನ ಬದಲಾದದ್ದು ಬಹಳ ನಿಧಾನವಾಗಿ. 1897ರ ಸುಧಾರಣಾ ಶಾಲೆಗಳ ಕಾಯ್ದೆ ಹದಿನೈದು ತುಂಬದ ಹುಡುಗರನ್ನು ಸೆರೆಮನೆಯ ಬದಲು ಶಾಲೆಗೆ ಕಳುಹಿಸಲು ಅವಕಾಶ ಮಾಡಿತು. ಆದರೆ ಅದು ಅನ್ವಯಿಸುತ್ತಿದ್ದುದು ಸೆರೆವಾಸ ಅಥವಾ ಕರಿನೀರಿನ ಶಿಕ್ಷೆಯಾದವರಿಗೆ. ಮರಣದಂಡನೆ ಕೂಡದೆಂದು ಅದು ಹೇಳಲಿಲ್ಲ. ಇಂಗ್ಲೆಂಡು 1908ರ ಮಕ್ಕಳ ಕಾಯ್ದೆಯಿಂದ ಹದಿನಾರರ ಒಳಗಿನವರಿಗೆ ನೇಣನ್ನು ನಿಷೇಧಿಸಿತು, 1933ರಲ್ಲಿ ಆ ಮಿತಿಯನ್ನು ಹದಿನೆಂಟಕ್ಕೇರಿಸಿತು. ಆ ಮಾದರಿಯಲ್ಲಿ ಮದರಾಸು ಪ್ರಾಂತವು 1920ರಲ್ಲಿ, ಬಂಗಾಳವು 1922ರಲ್ಲಿ, ಮುಂಬಯಿಯು 1924ರಲ್ಲಿ ಮಕ್ಕಳ ಕಾಯ್ದೆಗಳನ್ನು ಮಾಡಿದವು. ಒಂದು ಕಾಲಕ್ಕೆ ಒಂದೇ ಜಿಲ್ಲೆಯಾಗಿದ್ದ ಕರಾವಳಿಯಲ್ಲಿ ಮಂಗಳೂರಿನ ಬಾಲಕನಿಗೆ ಮದರಾಸಿನ ಶಾಸನ, ಅಂಕೋಲೆಯ ಬಾಲಕನಿಗೆ ಮುಂಬಯಿಯ ಶಾಸನ. ಅದೂ ಸರ್ಕಾರ ಪ್ರಕಟಣೆ ಹೊರಡಿಸಿದ ಪ್ರದೇಶಗಳಿಗೆ ಮಾತ್ರ ಅನ್ವಯ. ಮುಂಬಯಿ ನಗರಕ್ಕೆ ಬಂದ ಸೌಲಭ್ಯ ದೂರದ ತಾಲ್ಲೂಕಿಗೂ ಅದೇ ದಿನ ಬಂದಿತೆಂದು ಅರ್ಥವಲ್ಲ. 1929ರ ಮುಂಬಯಿ ಬೋರ್ಸ್ಟಲ್ ಶಾಲೆಗಳ ಕಾಯ್ದೆಯಡಿ ಧಾರವಾಡದಲ್ಲಿ ನಡೆದ ಶಾಲೆಯು ತರುಣ ಅಪರಾಧಿಗಳಿಗೆ ಕಸುಬು ಕಲಿಸುವ ಪ್ರಯತ್ನ ಮಾಡಿತು. 1948ರಲ್ಲಿ ಮುಂಬಯಿಗೆ ಹೊಸ ಮಕ್ಕಳ ಕಾಯ್ದೆ ಬಂದಿತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1964ರಲ್ಲಿ ಈ ರಾಜ್ಯವೂ ತನ್ನದೇ ಮಕ್ಕಳ ಕಾಯ್ದೆಯನ್ನು ರಚಿಸಿತು.

ದೇಶಕ್ಕೆಲ್ಲ ಒಂದಾಗಿ ಬಂದದ್ದು 1986ರ ಬಾಲನ್ಯಾಯ ಕಾಯ್ದೆ. ಅದು ಎಳೆಯರಿಗೆ ಮರಣದಂಡನೆಯನ್ನು ನಿಷೇಧಿಸಿತು. ಆದರೆ ಹುಡುಗಿಯರಿಗೆ ಹದಿನೆಂಟು, ಹುಡುಗರಿಗೆ ಹದಿನಾರು ಎಂದು ಎರಡು ಮಿತಿಗಳನ್ನಿಟ್ಟಿತು. ಹದಿನೇಳರ ಹುಡುಗನ ಕೊರಳು ಇನ್ನೂ ಶಾಸನದ ರಕ್ಷಣೆಯ ಹೊರಗೇ ಇತ್ತು. ಈ ನಡುವೆ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯು ಹದಿನೆಂಟರೊಳಗೆ ಮಾಡಿದ ಅಪರಾಧಕ್ಕೆ ಮರಣದಂಡನೆ ಕೂಡದೆಂದು ಸಾರಿತು. ಭಾರತ 1992ರಲ್ಲಿ ಅದಕ್ಕೆ ಸಮ್ಮತಿಸಿತು. ಅದರಂತೆ 2000ದ ಕಾಯ್ದೆ ಎಲ್ಲರಿಗೂ ಹದಿನೆಂಟನ್ನೇ ಮಿತಿಯಾಗಿಸಿತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಈ ನಿಲುವಿಗೆ ಬಂದದ್ದು 2005ರಲ್ಲಿ, ಅದೂ ಐವರು ನ್ಯಾಯಮೂರ್ತಿಗಳು ಪರವಾಗಿ, ನಾಲ್ವರು ವಿರೋಧವಾಗಿ ನಿಂತ ತೀರ್ಪಿನಲ್ಲಿ.

2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಘೋರ ಕೃತ್ಯ ಈ ನಿಲುವನ್ನೇ ಅಲುಗಿಸಿತು. ಆರೋಪಿಗಳಲ್ಲಿ ಕಿರಿಯವನಿಗೆ ಹದಿನೆಂಟು ತುಂಬಲು ಕೆಲವೇ ತಿಂಗಳು ಉಳಿದಿದ್ದವು. ಅವನಿಗೆ ಮೂರು ವರ್ಷಗಳ ಸುಧಾರಣಾ ವಾಸ ಮಾತ್ರ ಆಯಿತು. ಮಗಳನ್ನು ಕಳೆದುಕೊಂಡ ತಾಯಿಗೆ ತತ್ತ್ವಾರ್ಥಸೂತ್ರವನ್ನು ವಿವರಿಸಲು ನನಗೆ ಬಾಯಿ ಬಾರದು. ಆ ಆಕ್ರೋಶ ಅನ್ಯಾಯದ್ದಲ್ಲ. ಅದರ ಫಲವಾಗಿ ಬಂದ 2015ರ ಕಾಯ್ದೆಯು ಹದಿನಾರರಿಂದ ಹದಿನೆಂಟರ ನಡುವಿನವರು ಹೇಯ ಅಪರಾಧವೆಸಗಿದಾಗ, ಅವರ ಮಾನಸಿಕ ಸಾಮರ್ಥ್ಯವನ್ನು ಪರಿಶೀಲಿಸಿ, ವಯಸ್ಕರಂತೆ ವಿಚಾರಣೆ ನಡೆಸಲು ದಾರಿ ತೆರೆಯಿತು. ಆ ಕೋಪದ ನಡುವೆಯೂ ಸಂಸತ್ತು ಒಂದು ಗೆರೆಯನ್ನು ಅಳಿಸಲಿಲ್ಲ: 21ನೆಯ ಕಲಮಿನಂತೆ ಅಂಥವರಿಗೆ ಮರಣದಂಡನೆಯೂ ಇಲ್ಲ, ಬಿಡುಗಡೆಯ ಅವಕಾಶವೇ ಇಲ್ಲದ ಆಜೀವ ಸೆರೆಯೂ ಇಲ್ಲ. ಶಿಕ್ಷೆ ಕಠಿಣವಾಗಲಿ ಎನ್ನುವುದು ಬೇರೆ, ಮರಳಿ ಬಾರದ ಶಿಕ್ಷೆ ಬೇಕೆನ್ನುವುದು ಬೇರೆ. ನೊಂದವರ ಪರವಾಗಿ ಮೊದಲನೆಯದನ್ನು ಕೇಳುವವರೊಡನೆ ನನಗೆ ವಾದವಿಲ್ಲ.

ಎರಡನೆಯದನ್ನು ಏಕೆ ಕೇಳಬಾರದೆಂಬುದಕ್ಕೆ 2023ರ ಮಾರ್ಚಿನಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪೊಂದು ಸಾಕ್ಷಿ. 1994ರಲ್ಲಿ ಪುಣೆಯಲ್ಲಿ ಒಂದೇ ಮನೆಯ ಏಳು ಜೀವಗಳು ಕೊಲೆಗೀಡಾಗಿದ್ದವು. ಆ ಪ್ರಕರಣದಲ್ಲಿ ಮರಣದಂಡನೆಗೆ ಗುರಿಯಾಗಿದ್ದವನೊಬ್ಬನ ರಾಜಸ್ಥಾನದ ಶಾಲಾ ದಾಖಲೆಯನ್ನು ಪರಿಶೀಲಿಸಿದಾಗ, ಕೃತ್ಯ ನಡೆದ ದಿನ ಅವನಿಗೆ ಹನ್ನೆರಡೂವರೆ ವರ್ಷವೆಂದು ಸ್ಥಿರಪಟ್ಟಿತು. ವಿಚಾರಣೆಯ ಕಾಲದಲ್ಲಿ ಅವನನ್ನು ವಯಸ್ಕನೆಂದೇ ಬಗೆಯಲಾಗಿತ್ತು. ಸರ್ವೋಚ್ಚ ನ್ಯಾಯಾಲಯವೇ 2000ದಲ್ಲಿ ಮರಣದಂಡನೆಯನ್ನು ಎತ್ತಿಹಿಡಿದಿತ್ತು. ಇಪ್ಪತ್ತೆಂಟು ವರ್ಷಗಳ ಸೆರೆಯ ನಂತರ ಅವನು ಹೊರಬಂದ. ನೇಣಿನ ದಿನ ಮುಂಚೆಯೇ ಬಂದಿದ್ದರೆ ಆ ಶಾಲಾ ದಾಖಲೆಯನ್ನು ಯಾರ ಮುಂದೆ ಹಿಡಿಯುವುದು? ಎಳೆತನದ ವಾದವನ್ನು ಯಾವ ನ್ಯಾಯಾಲಯದಲ್ಲಿಯೂ ಯಾವ ಹಂತದಲ್ಲಿಯೂ ಎತ್ತಬಹುದೆಂದು ಕಾಯ್ದೆ ಹೇಳುವುದು ಈ ಕಾರಣಕ್ಕೇ. ಆದರೆ ಆ ಅವಕಾಶ ಬದುಕಿರುವವನಿಗೆ ಮಾತ್ರ. ರವೀಂದ್ರರ ಸಂನ್ಯಾಸಿ ಹಿಂದಿರುಗಿ ಬಂದು ಕಂಡದ್ದನ್ನು ಇಲ್ಲಿ ನೆನೆಯದೆ ಇರಲಾರೆ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಸಂಬಂಧಿಸಿದ ಇನ್ನೊಂದು ಪಾಠವೂ ಇದೆ. ಅಂಕೋಲೆಯ ನೆಲದವರಾದ, ಚುಟುಕಗಳ ಕವಿಯೆಂದು ನಾಡಿಗೆ ಪರಿಚಿತರಾದ ದಿನಕರ ದೇಸಾಯಿಯವರು ರೈತರಿಗಾಗಿ ಹೋರಾಡಿ ಜಿಲ್ಲೆಯಿಂದ ಗಡೀಪಾರಾಗಿದ್ದವರು. ಮರಳಿ ಬಂದ ಮೇಲೆ ಅವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟನ್ನು ಸ್ಥಾಪಿಸಿ ಬಡವರ ಮಕ್ಕಳಿಗೆ ಶಾಲೆಗಳನ್ನು ತೆರೆದರು. ಪುಣೆಯ ಪ್ರಕರಣದಲ್ಲಿ ಒಂದು ಜೀವವನ್ನು ಉಳಿಸಿದ್ದು ಎಲ್ಲಿಯೋ ಒಂದು ಹಳ್ಳಿಯ ಶಾಲೆಯ ಹಾಜರಿ ಪುಸ್ತಕದಲ್ಲಿ ಬರೆದಿಟ್ಟ ಹುಟ್ಟಿದ ದಿನಾಂಕ. ಹೆಸರು ಬರೆಸಿಕೊಳ್ಳಲು ಶಾಲೆಯೇ ಇರದಿದ್ದ ಕಾಲದಲ್ಲಿ ಕಾರವಾರದ ಕಟಕಟೆಯಲ್ಲಿ ನಿಂತ ಎಳೆಯನಿಗೆ ಅಂಥ ಆಸರೆ ಎಲ್ಲಿಂದ ಬರಬೇಕಿತ್ತು? ಶಾಲೆ ಮಗುವಿಗೆ ಅಕ್ಷರವನ್ನಷ್ಟೇ ಕೊಡುವುದಲ್ಲ, ನಾನು ಇನ್ನೂ ಮಗು ಎಂದು ಲೋಕದ ಮುಂದೆ ಹೇಳಿಕೊಳ್ಳುವ ಸಾಕ್ಷ್ಯವನ್ನೂ ಕೊಡುತ್ತದೆ.

2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಏಳು, ಹನ್ನೆರಡು ಎಂಬ 1860ರ ಸಂಖ್ಯೆಗಳು ಅದರಲ್ಲಿಯೂ ಹಾಗೆಯೇ ಉಳಿದಿವೆ. ಹದಿಮೂರರಿಂದ ಹದಿನೇಳರವರೆಗಿನ ಮಕ್ಕಳಿಗೂ ನೇಣಿಗೂ ನಡುವೆ ನಿಂತಿರುವುದು ಬಾಲನ್ಯಾಯ ಕಾಯ್ದೆಯೊಂದೇ. ಮತ್ತೊಂದು ಘೋರ ಕೃತ್ಯ ನಡೆದ ದಿನ ಆ ಗೋಡೆಯನ್ನು ಕೆಡವಬೇಕೆಂಬ ಕೂಗು ಮತ್ತೆ ಏಳುವುದು ನಿಶ್ಚಿತ. ಆ ದಿನಕ್ಕಾಗಿ ನಮ್ಮಲ್ಲಿ ಉತ್ತರ ಸಿದ್ಧವಾಗಿರಬೇಕು.

ಅಂಕೋಲೆಯ ಆ ಹಿರಿಯರು ಇಂದು ಎದುರಾದರೆ ಇಷ್ಟು ಹೇಳುವೆ: ಆ ಹುಡುಗ ಕೊಲೆ ಮಾಡಿ ಬಂದವನಾಗಿದ್ದರೂ ಜನ್ನನ ಅರಸ ಅದೇ ಪ್ರಶ್ನೆಯನ್ನು ಕೇಳಬೇಕಾಗಿತ್ತು, ನೀನು ಯಾರು, ಇಲ್ಲಿಗೆ ಹೇಗೆ ಬಂದೆ ಎಂದು. ಅದಕ್ಕೆ ಎಳೆಯನು ಕೊಡಬಲ್ಲ ಉತ್ತರ ಇನ್ನೂ ಪೂರ್ತಿಯಾಗಿರುವುದಿಲ್ಲ. ಅದರ ಬಹುಭಾಗವನ್ನು ಅವನು ಇನ್ನು ಮುಂದೆ ಬದುಕಿ ಹೇಳಬೇಕು. ಮಾರಿದತ್ತನು ಕಥೆಯನ್ನು ಕೊನೆಯವರೆಗೆ ಕೇಳಿದ್ದರಿಂದ ಎರಡು ಎಳೆಯ ಜೀವಗಳು ಉಳಿದವು, ಅವರೊಡನೆ ಅವನೂ ಉಳಿದುಕೊಂಡ.